ಕತೆಗೆ ಪಡಿ ಕೊಟ್ಟವರು ಯಾರು?



ಐತಿಹಾಸಿಕ ನಾಟಕ, ಕಾದಂಬರಿಗಳಲ್ಲಿ ನಿಜ ಎಷ್ಟು, ಕಲ್ಪನೆ ಎಷ್ಟು ಎಂಬ ವಿಷಯ ಕೊಟ್ಟು ಮಾತಾಡಲು ಹೇಳಿದ್ದೀರಿ. ಪ್ರಶ್ನೆಯನ್ನು ಹೀಗೇ ಇಟ್ಟುಕೊಂಡರೆ ಮಾತು ಬೇಗ ಮುಗಿದುಹೋಗುತ್ತದೆ. ಇಸವಿ ಸರಿಯಿದೆಯೇ, ದೊರೆಯ ಹೆಸರು ಸರಿಯಿದೆಯೇ ಎಂದು ತಾಳೆ ನೋಡಿ, ನೂರಕ್ಕೆ ಇಷ್ಟು ಅಂಕ ಎಂದು ಬರೆದು ಕಳಿಸಬಹುದು. ಉತ್ತರಪತ್ರಿಕೆ ತಿದ್ದಿ ತಿದ್ದಿ ಆ ಕೆಲಸ ನನಗೆ ಸಾಕಾಗಿದೆ. ನಮ್ಮ ಕೊಳ್ಳೇಗಾಲ, ಯಳಂದೂರು ಸೀಮೆಯಲ್ಲಿ ಕತೆಯನ್ನು ಅಳೆಯಲು ಬೇರೊಂದು ದಾರಿ ಇದೆ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು ತಂಬೂರಿ ಹಿಡಿದು ಬಾಗಿಲಿಗೆ ಬಂದರೆ ಮೊರದಲ್ಲಿ ಪಡಿ ತಂದು ನೀಡುತ್ತೇವೆ. ಹಾಡಿದವರು ಯಾರ ಮನೆಯ ರಾಗಿ ತಿಂದರು ಎಂಬುದು ಎಲ್ಲರ ಕಣ್ಣೆದುರೇ ಇರುತ್ತದೆ. ಅರಮನೆಯ ವಂಶಾವಳಿಗೂ, ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿಯ ದಪ್ಪ ಸಂಪುಟಗಳಿಗೂ, ಸಿನಿಮಾಕ್ಕೂ ಇದೇ ಪ್ರಶ್ನೆ ಕೇಳೋಣ ಎಂದು ಬಂದಿದ್ದೇನೆ. ಇದಕ್ಕೆ ಪಡಿ ಕೊಟ್ಟವರು ಯಾರು?

ಅಗರದಿಂದ ಶುರುಮಾಡುತ್ತೇನೆ. ಮಾಂಬಳ್ಳಿಯ ಪಕ್ಕದ ಅಗರದಲ್ಲಿ 1898ರಲ್ಲಿ ಹುಟ್ಟಿದ ವೆಂಕಟಾದ್ರಿ ಅಯ್ಯರ್ ಮುಂದೆ 'ಸಂಸ' ಎಂಬ ಹೆಸರಿನಲ್ಲಿ ನಾಟಕ ಬರೆದರು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿರುವ ಬಯಲು ರಂಗಮಂದಿರಕ್ಕೆ ಅವರದೇ ಹೆಸರಿಟ್ಟಿದ್ದಾರೆ. ಆ ಮೆಟ್ಟಿಲುಗಳ ಮೇಲೆ ಕೂತು ನಾಟಕ ನೋಡುವ ಹುಡುಗರಲ್ಲಿ ಎಷ್ಟು ಮಂದಿಗೆ ಅಗರದ ದಾರಿ ಗೊತ್ತೋ! ಸಂಸರು ಇಪ್ಪತ್ತಕ್ಕೂ ಹೆಚ್ಚು ನಾಟಕ ಬರೆದಿದ್ದರೆಂದು ಹೇಳುತ್ತಾರೆ. ನಮ್ಮ ಕೈಗೆ ದಕ್ಕಿರುವುದು 6: ಸುಗುಣ ಗಂಭೀರ, ವಿಗಡ ವಿಕ್ರಮರಾಯ, ವಿಜಯ ನಾರಸಿಂಹ, ಬಿರುದೆಂತೆಂಬರ ಗಂಡ, ಬೆಟ್ಟದ ಅರಸು, ಮಂತ್ರಶಕ್ತಿ. ವಸ್ತುವೆಲ್ಲ ಮೈಸೂರು ಅರಸರ ಮನೆಯದು. ಸಂಸರು ಒಂದೂರಿನಲ್ಲಿ ನೆಲೆ ನಿಂತವರಲ್ಲ. ಮೇಷ್ಟರ ಕೆಲಸ, ಅಲೆದಾಟ, ಬಡತನ. ಪೊಲೀಸರು, ಗೂಢಚಾರರು ತನ್ನ ಬೆನ್ನು ಹತ್ತಿದ್ದಾರೆಂಬ ಭಯ ಕೊನೆಕೊನೆಗೆ ಅವರನ್ನು ತಿಂದುಹಾಕಿತು. 1939ರಲ್ಲಿ ಮೈಸೂರಿನಲ್ಲಿ ತಮ್ಮ ಕೈಯಾರೆ ಪ್ರಾಣ ಕಳೆದುಕೊಂಡರು.

ಅವರ ನಾಟಕಗಳಲ್ಲಿ ಹೆಚ್ಚು ಹೆಸರಾದದ್ದು 'ವಿಗಡ ವಿಕ್ರಮರಾಯ'. ಅದರ ಹಿಂದಿರುವ ಚರಿತ್ರೆ ಇಷ್ಟು. ಇಮ್ಮಡಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಪಟ್ಟಕ್ಕೆ ಬಂದದ್ದು 1637ರಲ್ಲಿ. ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡರು. ದಳವಾಯಿ ವಿಕ್ರಮರಾಯ ವಿಷ ಹಾಕಿಸಿದ ಎಂಬುದು ಆಗಿನಿಂದ ಬಂದ ಮಾತು. ಆಮೇಲೆ ತೆರಕಣಾಂಬಿಯ ಕಡೆ ಇದ್ದ ಕಂಠೀರವ ನರಸರಾಜ ಒಡೆಯರನ್ನು ಕರೆಸಿ 1638ರಲ್ಲಿ ಪಟ್ಟ ಕಟ್ಟಿದರು. ತರುಣ ದೊರೆ ತನ್ನ ಕೈಗೊಂಬೆಯಾಗಿರುತ್ತಾನೆ ಎಂದು ದಳವಾಯಿ ಎಣಿಸಿದ್ದ. ದೊರೆಗೆ ನಡೆದದ್ದೆಲ್ಲ ತಿಳಿಯಿತು. ಒಂದು ರಾತ್ರಿ ಇಬ್ಬರು ಆಳುಗಳು ದಳವಾಯಿಯ ಮನೆಯ ಗೋಡೆ ಹಾರಿ ಹೊಂಚಿದರು. ಪಂಜು ಹಿಡಿದು ಮುಂದೆ ಬಂದವನನ್ನು ಮೊದಲು ಕೆಡವಿದರು, ಬೆಳಕು ಆರಿತು. ದಳವಾಯಿ ಗಟ್ಟಿಗ. ಕತ್ತಲಲ್ಲೇ ಒಬ್ಬನನ್ನು ಹಿಡಿದು ನೆಲಕ್ಕೆ ಬೀಳಿಸಿ ಗಂಟಲು ಅಮುಕಿದ. ಇನ್ನೊಬ್ಬನ ಕೈಯಲ್ಲಿ ಕತ್ತಿ ಇದೆ, ಆದರೆ ಯಾರು ಯಾರೆಂದು ಕಾಣದು. ನೀನು ಮೇಲಿದ್ದೀಯೋ ಕೆಳಗಿದ್ದೀಯೋ ಎಂದು ಗೆಳೆಯನನ್ನು ಕೇಳಿದ. ಅರ್ಧ ಉಸಿರು ಕಟ್ಟಿದ್ದವನು ಕೆಳಗೆ ಎಂದ. ಮೇಲಿದ್ದವನಿಗೆ ಕತ್ತಿ ಬಿತ್ತು.

ನಾಟಕದಿಂದ ಎತ್ತಿದ್ದೇನೆ ಅಂದುಕೊಂಡಿರಾ? ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದ ಚರಿತ್ರೆಯಿಂದ ಎತ್ತಿದ್ದು. ಅದರ ಮೊದಲ ಸಂಪುಟ ಅಚ್ಚಾದದ್ದು 1810ರಲ್ಲಿ, ಅಂದರೆ ದಳವಾಯಿ ಸತ್ತು 170 ವರ್ಷ ಕಳೆದ ಮೇಲೆ. ಆ ಕತ್ತಲಲ್ಲಿ ಇಬ್ಬರು ಆಡಿದ ಎರಡು ಮಾತನ್ನು ಯಾರು ಕೇಳಿಸಿಕೊಂಡರು, ಯಾರು ಬರೆದಿಟ್ಟರು? ಬದುಕಿ ಉಳಿದ ಆಳುಗಳೇ ಹೇಳಿರಬೇಕು. ಹೇಳಿದ್ದು ಗೆದ್ದ ದೊರೆಯ ಊಳಿಗದಲ್ಲಿ ಇದ್ದುಕೊಂಡು. ದಳವಾಯಿಯ ಮನೆಯವರು ಆ ರಾತ್ರಿಯನ್ನು ಹೇಗೆ ಹೇಳಿಕೊಂಡರೋ ನಮಗೆ ಒಂದು ಅಕ್ಷರವೂ ಬಂದಿಲ್ಲ. ವಿಷದ ಕತೆಯೂ ಹಾಗೆಯೇ, ಗೆದ್ದವರ ಪಡಸಾಲೆಯಿಂದ ಬಂದದ್ದು. ಸುಳ್ಳು ಎಂದು ನಾನು ಹೇಳುತ್ತಿಲ್ಲ. ಕತೆ ಕಟ್ಟುವ ಕೆಲಸ ನಾಟಕಕಾರ ಬರುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ ಎನ್ನುತ್ತಿದ್ದೇನೆ.

ಸಂಸರ ಧೈರ್ಯ ಇರುವುದು ಇಲ್ಲಿ. ಅವರು ಬರೆಯುವ ಕಾಲಕ್ಕೆ ಅದೇ ಒಡೆಯರ ವಂಶ ಮೈಸೂರಿನ ಸಿಂಹಾಸನದ ಮೇಲಿತ್ತು, ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ಅರಮನೆಯೊಳಗೆ ದೊರೆಗೆ ವಿಷವಿಕ್ಕಿದ ಕತೆಯನ್ನು ಆರಿಸಿಕೊಂಡು, ನಾಟಕದ ಹಣೆಯ ಮೇಲೆ ದೊರೆಯ ಹೆಸರನ್ನು ಬಿಟ್ಟು ಸಂಚುಗಾರನ ಹೆಸರನ್ನು ಬರೆದರು. ಗೆದ್ದವರು ಕೆಡುಕನೆಂದು ಕೈತೊಳೆದುಕೊಂಡವನನ್ನು ರಂಗದ ನಡುವೆ ತಂದು ನಿಲ್ಲಿಸಿದರು. ಆಸ್ಥಾನದಲ್ಲಿ ಸಂಬಳ ತಿನ್ನುವವನಿಗೆ ಇದು ಆಗುತ್ತಿತ್ತೇ? ಯಾರ ಪಡಿಯೂ ಇಲ್ಲದೆ ಅಲೆದವನಿಗೆ ಆಯಿತು. ಆ ಬಿಡುಗಡೆಗೆ ತೆತ್ತ ಬೆಲೆಯೂ ಸಣ್ಣದಲ್ಲ.

ಅವರ ಮೇಲೆ ನನ್ನದೊಂದು ದೂರೂ ಇದೆ. ಹಳಗನ್ನಡ, ನಡುಗನ್ನಡ ಬೆರೆಸಿ ಅವರು ಕಟ್ಟಿದ ಮಾತಿಗೆ ಗತ್ತು ಇದೆ; ನಟರ ನಾಲಗೆ ಹೊರಳದಿದ್ದರೆ ಅದು ನಟರ ಕಷ್ಟ. ಆದರೆ ಅಷ್ಟು ದೊಡ್ಡ ಅರಮನೆಗೆ ಅಕ್ಕಿ ಎಲ್ಲಿಂದ ಬಂತು ಎಂಬುದನ್ನು ನಾಟಕ ನೋಡಿ ತಿಳಿಯಲಾಗದು. ಅಗರ, ಮಾಂಬಳ್ಳಿಯ ಗದ್ದೆಬಯಲಿನಲ್ಲಿ ಹುಟ್ಟಿದವರ ನಾಟಕದಲ್ಲಿ ಗದ್ದೆಯ ಕೆಸರು ಇಲ್ಲ. ಅವರು ಓದಿದ ಆಕರಗಳಲ್ಲೂ ಅದು ಇರಲಿಲ್ಲ. ಆಕರ ಎಲ್ಲಿ ಕುರುಡೋ ಅಲ್ಲಿ ನಾಟಕಕಾರನೂ ಕಣ್ಣು ಮುಚ್ಚಿದ.

ಇದೇ ಕಂಠೀರವರು ಇನ್ನೊಂದು ದಾರಿಯಲ್ಲಿ ನಮ್ಮ ಸೀಮೆಗೆ ಬಂದರು. 1960ರ 'ರಣಧೀರ ಕಂಠೀರವ' ಸಿನಿಮಾ ನಿಮಗೆಲ್ಲ ಗೊತ್ತು. ದೊರೆಯ ಪಾತ್ರ ಮಾಡಿದ ರಾಜ್‌ಕುಮಾರ್ ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರಿನವರು. ಕನ್ನಡ ಚಿತ್ರಗಳಿಗೆ ಹಣ ಹಾಕುವವರೇ ಸಿಗದ ಕಾಲ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಮುಂತಾದ ಕಲಾವಿದರೇ ಕೈಕೂಡಿಸಿ ತೆಗೆದ ಚಿತ್ರ ಅದು. ಏಕೀಕರಣವಾಗಿ ಆಗಿನ್ನೂ 4 ವರ್ಷ. ಕನ್ನಡ ಜನಕ್ಕೆ ತಮ್ಮವನೊಬ್ಬ ವೀರ ಬೇಕಾಗಿದ್ದ. ತಿರುಚಿರಾಪಳ್ಳಿಗೆ ವೇಷ ಮರೆಸಿ ಹೋಗಿ ಜಟ್ಟಿಯನ್ನು ಕೆಡವಿ ಬಂದ ಅರಸನ ಕತೆ ಆ ಹಸಿವಿಗೆ ಸರಿಯಾಗಿ ಕೂತಿತು. ಟೆಂಟಿನಲ್ಲಿ ಆಣೆ ಕೊಟ್ಟು ನೆಲದ ಮೇಲೆ ಕೂತವರೇ ಆ ಕತೆಗೆ ಪಡಿ ಕೊಟ್ಟವರು, ಅವರಿಗೆ ಬೇಕಾದ ಕಂಠೀರವನೇ ಬಂದ. ಸಂಸರ ಸಂಶಯ, ಕತ್ತಲೆ ಆ ಪರದೆಯ ಮೇಲೆ ಇರಲು ಸಾಧ್ಯವಿರಲಿಲ್ಲ.

ಈಗ ಯಳಂದೂರು ಪೇಟೆಗೆ ಬನ್ನಿ. ಬಳೆಮಂಟಪದ ಮೂಲೆಗಳಲ್ಲಿ ಕಲ್ಲಿನ ಬಳೆಗಳನ್ನು ಒಂದಕ್ಕೊಂದು ಕೋದು ಸರಪಳಿ ಮಾಡಿದ್ದಾರಲ್ಲ, ಅದನ್ನು ನೋಡಲು ಬಂದವರೆಲ್ಲ ಫೋಟೋ ಹಿಡಿದು ಹೋಗುತ್ತಾರೆ. ಆ ಗೌರೀಶ್ವರ ಗುಡಿ ಹದಿನಾಡಿನ ಪಾಳೆಯಗಾರರದು. ನಾನು ಹೇಳಹೊರಟದ್ದು ಅದಾದ ಮೇಲಿನ ಶತಮಾನದ ಮೂವರ ವಿಷಯ. ಮೂವರಿಗೂ ಯಳಂದೂರೇ ಊರು.

ಒಬ್ಬರು ಷಡಕ್ಷರದೇವ. ಮಳವಳ್ಳಿ ಕಡೆಯ ಧನಗೂರಿನಲ್ಲಿ ಹುಟ್ಟಿ ಯಳಂದೂರಿನ ಮಠಕ್ಕೆ ಒಡೆಯರಾದವರು, 'ರಾಜಶೇಖರ ವಿಳಾಸ', 'ವೃಷಭೇಂದ್ರ ವಿಜಯ' ಬರೆದವರು, ಗದ್ದುಗೆ ಇಲ್ಲೇ ಇದೆ. ಎರಡನೆಯವರು ಜೈನ ವಿಶಾಲಾಕ್ಷ ಪಂಡಿತ. ಚಿಕ್ಕದೇವರಾಜರು ಇನ್ನೂ ಪಟ್ಟವಿಲ್ಲದೆ ಹಂಗಳದಲ್ಲಿ ಕಾವಲಿನಲ್ಲಿದ್ದಾಗ ಜೊತೆಗಿದ್ದು, 1673ರಲ್ಲಿ ಅವರು ದೊರೆಯಾದಾಗ ಮಂತ್ರಿಯಾದವರು. ಮೂರನೆಯವಳು ಹೊನ್ನಮ್ಮ. ಯಳಂದೂರಿನಿಂದ ಚಿಕ್ಕದೇವರಾಜರ ರಾಣಿಯಾಗಿ ಹೋದ ದೇವಾಜಮ್ಮಣ್ಣಿಯ ಜೊತೆ ಶ್ರೀರಂಗಪಟ್ಟಣಕ್ಕೆ ಹೋಗಿ, ಎಲೆಯಡಿಕೆ ಸಂಚಿ ಹಿಡಿಯುವ ಊಳಿಗ ಮಾಡುತ್ತಲೇ 'ಹದಿಬದೆಯ ಧರ್ಮ' ಎಂಬ ಸಾಂಗತ್ಯ ಬರೆದವಳು.

ಈ ಮೂವರ ತಲೆಯ ಮೇಲೆ ಹಾದುಹೋದ ಬಿರುಗಾಳಿ ರೈತರ ದಂಗೆ. ಚಿಕ್ಕದೇವರಾಜರು ಕಂದಾಯದ ಮೇಲೆ ಕಂದಾಯ ಹಾಕಿದರು. ರೈತರು ಉಳುವುದಿಲ್ಲ ಎಂದು ಹಟ ಹಿಡಿದರು. ಊರಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗು ಮಾಡಿ ಕಟ್ಟಿದರು ಎಂದು ವಿಲ್ಕ್ಸ್ ಬರೆಯುತ್ತಾರೆ. ಧೂಳು ಹಿಡಿದ ಆ ಸಂಪುಟದಲ್ಲಿ ಈ ಒಂದು ಚಿತ್ರ ಮಾತ್ರ ನೇರ ಹೊಲದಿಂದ ಎದ್ದು ಬಂದಂತಿದೆ. ದಂಗೆಗೆ ಜಂಗಮರ ಕುಮ್ಮಕ್ಕಿದೆ ಎಂದು ಅರಮನೆ ನಂಬಿತು. 400 ಜಂಗಮರನ್ನು ನಂಜನಗೂಡಿಗೆ ಕರೆಸಿ ಕೊಲ್ಲಿಸಿದರು, 700ಕ್ಕೂ ಮೇಲ್ಪಟ್ಟು ಮಠ ಕೆಡವಿಸಿದರು ಎಂಬ ಕತೆಯೂ ವಿಲ್ಕ್ಸರಲ್ಲಿದೆ. 1686ರಲ್ಲಿ ವಿಶಾಲಾಕ್ಷ ಪಂಡಿತರ ಕೊಲೆಯಾಯಿತು. ಅವರ ಜಾಗಕ್ಕೆ ತಿರುಮಲಾರ್ಯ ಬಂದರು.

400 ಎಂಬುದನ್ನು ನಂಬಬೇಕೇ? ಚಿಕ್ಕದೇವರಾಜರ ಆಸ್ಥಾನದಲ್ಲಿ ಗ್ರಂಥಗಳಿಗೆ ಬರವಿರಲಿಲ್ಲ, ದೊರೆಯ ಪರಾಕ್ರಮ ಹೊಗಳುವುದಕ್ಕೆ ತಿರುಮಲಾರ್ಯರೇ ಇದ್ದರು. ಅರಮನೆಯ ಅನ್ನ ಉಂಡವರಿಂದ ನಂಜನಗೂಡಿನ ಕತೆ ಬರುವುದಿಲ್ಲ. ಅದು ಬರುವುದು ಆಚೆಯವರಿಂದ. ಒಬ್ಬರು ವಿಲ್ಕ್ಸ್. ಹಳೆಯ ಅರಸರು ಎಷ್ಟು ಕ್ರೂರಿಗಳಾದರೆ ಕಂಪನಿಗೆ ಅಷ್ಟು ಒಳ್ಳೆಯ ಹೆಸರು. ಇನ್ನೊಬ್ಬ ನಮ್ಮ ನೆರೆಯ ಮಲೆಯೂರು ಕನಕಗಿರಿಯ ದೇವಚಂದ್ರ. 1804ರಲ್ಲಿ ಕಂಪನಿಯ ಸರ್ವೇ ಅಧಿಕಾರಿ ಮೆಕೆಂಜಿ ಆ ಕಡೆ ಬಂದಾಗ ಅವನಿಗೆ ಹಳೆಯ ಕತೆ, ಕಡತ ಒದಗಿಸಿದವನು. ಆಮೇಲೆ 'ರಾಜಾವಳಿ ಕಥೆ' ಬರೆದು ಅರಮನೆಯ ದೇವೀರಮ್ಮಣ್ಣಿಯವರಿಗೆ ಒಪ್ಪಿಸಿದವನು. ದೇವಚಂದ್ರ ಜೈನ, ಸತ್ತ ಮಂತ್ರಿಯೂ ಜೈನ. ಅವನ ಕತೆ ಯಾರ ಕಡೆ ವಾಲುತ್ತದೆ ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಡ. ಹಾಗೆಂದು ಅವನನ್ನು ತಳ್ಳಿಹಾಕಲೂ ಆಗದು. ಅವನನ್ನು ತಳ್ಳಿದರೆ ಉಳಿಯುವುದು ದೊರೆಯ ಬಿರುದುಗಳು ಮಾತ್ರ.

ಚರಿತ್ರಕಾರ ಇಲ್ಲಿಗೆ ನಿಲ್ಲುತ್ತಾನೆ, ನಿಲ್ಲಲೇಬೇಕು. ಕಾದಂಬರಿಕಾರ್ತಿ ಇಲ್ಲಿಂದ ಮುಂದೆ ಹೋಗಬಹುದು. ಹೊನ್ನಮ್ಮ ಎಲೆ ಮಡಿಸುತ್ತಿದ್ದಾಳೆ ಅಂದುಕೊಳ್ಳಿ. ತನ್ನೂರಿನ ಪಂಡಿತರನ್ನು ಕಡಿದರು ಎಂದು ಹೊರಗೆ ಗುಸುಗುಸು. ತನ್ನೂರಿನ ಮಠದ ಗತಿ ಏನಾಯಿತೋ ಎಂದು ಇನ್ನೊಂದು ಹೆದರಿಕೆ. ಎದುರಿಗೆ ಕೂತಿರುವ ರಾಣಿಯೂ ಯಳಂದೂರಿನವಳೇ. ಇಬ್ಬರೂ ಊರ ಸುದ್ದಿ ಎತ್ತುವಂತಿಲ್ಲ, ಏಕೆಂದರೆ ಊರ ಸುದ್ದಿ ಎತ್ತಿದರೆ ದೊರೆಯ ಸುದ್ದಿ ಬರುತ್ತದೆ. ಹೆಣ್ಣುಮಕ್ಕಳನ್ನು ಹೀಗಳೆಯುವವರನ್ನು ತನ್ನ ಕಾವ್ಯದಲ್ಲಿ ತಡೆದು ಕೇಳಿದ ಹೆಂಗಸು, ಈ ಹೊತ್ತಿನಲ್ಲಿ ಬಾಯಿ ಬಿಡದೆ ಸುಣ್ಣ ಸವರುತ್ತಾಳೆ. ಹೀಗೆ ನಡೆಯಿತು ಎನ್ನಲು ಯಾವ ದಾಖಲೆಯೂ ಇಲ್ಲ. 1686ರಲ್ಲಿ ಆಕೆ ಅಲ್ಲಿದ್ದಳೆಂಬುದೂ ನನ್ನ ಕಲ್ಪನೆಯೇ. ಆದರೆ ಈ ದೃಶ್ಯ ಯಾವ ದಾಖಲೆಯನ್ನೂ ಸುಳ್ಳು ಮಾಡುವುದಿಲ್ಲ. ದಾಖಲೆ ಬರೆದವರು ಎಂದೂ ಹೆಜ್ಜೆ ಇಡದ ಕೋಣೆಯೊಂದರ ಬಾಗಿಲನ್ನು ತೆಗೆಯುತ್ತದೆ. ಮಾಸ್ತಿಯವರು 1956ರ 'ಚಿಕವೀರ ರಾಜೇಂದ್ರ'ದಲ್ಲಿ ಕೊಡಗಿನ ಕೊನೆಯ ಅರಸನಿಗೆ ಮಾಡಿದ್ದು, ತ.ರಾ.ಸು. 'ದುರ್ಗಾಸ್ತಮಾನ'ದಲ್ಲಿ ಮದಕರಿಗೆ ಮಾಡಿದ್ದು ದೊರೆಯ ಕೋಣೆಯಲ್ಲಿ. ಸಂಚಿಯವಳ ಕೋಣೆಯಿಂದ ಅದೇ ಕೆಲಸ ಮಾಡಲು ಯಳಂದೂರಿನ ಹೆಣ್ಣುಮಗಳೊಬ್ಬಳು ಕೂರಲಿ ಎಂಬುದು ನನ್ನಾಸೆ.

ಯಳಂದೂರಿನ ಇನ್ನೊಬ್ಬರು ದಿವಾನ್ ಪೂರ್ಣಯ್ಯ. ಊರಿನವರಲ್ಲ, ಊರನ್ನೇ ಜಹಗೀರಾಗಿ ಪಡೆದವರು, 1807ರಲ್ಲಿ. ಹೈದರ್, ಟಿಪ್ಪು, ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು, ಹೀಗೆ ಮೂವರ ಕೈಕೆಳಗೆ ದುಡಿದು ಮೂವರ ಖಜಾನೆಯ ಲೆಕ್ಕ ಬಲ್ಲವರು. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರ ದಂಡಿನಲ್ಲಿ ಹೈದರ್ ಸತ್ತಾಗ ಟಿಪ್ಪು ಮಲಬಾರಿನಲ್ಲಿದ್ದ. ಸಾವು ಹೊರಬಿದ್ದರೆ ದಂಡು ಒಡೆಯುತ್ತದೆ. ಹೆಣಕ್ಕೆ ಸುಗಂಧ ಸವರಿ ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವಂತೆ ಕೋಲಾರಕ್ಕೆ ಕಳಿಸಿದರು. ದೊರೆಗೆ ಮೈ ಸರಿಯಿಲ್ಲ ಎನ್ನುತ್ತ ಮೇನೆ ಸಾಗುತ್ತಲೇ ಇತ್ತು. ಪೂರ್ಣಯ್ಯ, ಕೃಷ್ಣರಾವ್ ಮೊದಲಾದ ಕೆಲವರು ಟಿಪ್ಪು ಬರುವವರೆಗೆ ಗುಟ್ಟು ಕಾಪಾಡಿದರು. ಇಂಥ ಪ್ರಸಂಗವನ್ನು ಕಾದಂಬರಿಯಲ್ಲಿ ಹೊಸದಾಗಿ ಕಟ್ಟಿ ಬರೆದರೆ ವಿಮರ್ಶಕರು ಅತಿಯಾಯಿತು ಎನ್ನುತ್ತಿದ್ದರು.

ಮೂವರ ಅನ್ನ ಉಂಡವನನ್ನು ಯಾವ ಕತೆಗಾರನೂ ಸುಮ್ಮನೆ ಬಿಡುವುದಿಲ್ಲ. ಟಿಪ್ಪುವಿನ ಕಡೆಯಿಂದ ಹೇಳುವವರಿಗೆ ಪೂರ್ಣಯ್ಯ ದ್ರೋಹಿ, ಒಡೆಯರ ಕಡೆಯಿಂದ ಹೇಳುವವರಿಗೆ ನಿಷ್ಠಾವಂತ, ಕಂಪನಿಯ ಕಾಗದಗಳಲ್ಲಿ ಜಾಣ. ಟಿಪ್ಪುವಿನ ಮೇಲೆ ಭಗವಾನ್ ಗಿದ್ವಾನಿಯವರ ಇಂಗ್ಲಿಷ್ ಕಾದಂಬರಿ 1976ರಲ್ಲಿ ಬಂತು. ಅದರ ಮೇಲೆ ಮಾಡಿದ ಧಾರಾವಾಹಿಯ ಚಿತ್ರೀಕರಣದಲ್ಲಿ 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋಕ್ಕೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. 1990ರಲ್ಲಿ ದೂರದರ್ಶನದಲ್ಲಿ ಬಂದಾಗ ಇದು ಚರಿತ್ರೆಯಲ್ಲ, ಕಾದಂಬರಿ ಆಧರಿಸಿದ್ದು ಎಂಬ ಸೂಚನೆಯನ್ನು ಪರದೆಯ ಮೇಲೆ ಹಾಕಬೇಕಾಯಿತು. ಸೂಚನೆಯನ್ನು ಯಾರೂ ಓದಲಿಲ್ಲ. ಹಾಗೆ ನೋಡಿದರೆ ಐತಿಹಾಸಿಕ ಕಾದಂಬರಿಯ ಗುರು ಎನಿಸಿಕೊಂಡ ವಾಲ್ಟರ್ ಸ್ಕಾಟ್ ಕೂಡ 1827ರಲ್ಲೇ ಹೈದರ್ ಟಿಪ್ಪುಗಳನ್ನು ಒಂದು ಕತೆಗೆ ಎಳೆದು ತಂದಿದ್ದ. ಇಂಡಿಯಾವನ್ನು ಒಮ್ಮೆಯೂ ಕಾಣದವನು, ಮಿತ್ರರ ಬಾಯಿಂದ ಕೇಳಿ ಬರೆದ. ಅವನ ಓದುಗರು ಲಂಡನ್ನಿನಲ್ಲಿ, ಎಡಿನ್‌ಬರೋದಲ್ಲಿ. ಅವರಿಗೆ ಎಂಥ ಮೈಸೂರು ಬೇಕಿತ್ತೋ ಅಂಥದೇ ಸಿಕ್ಕಿತು, ಕೊನೆಗೆ ಆನೆಯ ಕಾಲಡಿ ಒಬ್ಬ ಸಾಯುವುದೂ ಸೇರಿ.

ಕೊಳ್ಳೇಗಾಲದವರು ನಮ್ಮೂರಿನ ಮಾತೇ ಬರಲಿಲ್ಲವಲ್ಲ ಎನ್ನುತ್ತಿರಬಹುದು. ಅದಕ್ಕೂ ಕಾರಣವಿದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಯಳಂದೂರು ಮೈಸೂರಿಗೆ ಉಳಿಯಿತು, ಕೊಳ್ಳೇಗಾಲ ಕೊಯಮತ್ತೂರಿನ ಜೊತೆ ಕಂಪನಿಗೆ ಹೋಯಿತು. 1956ರ ನವೆಂಬರ್ 1ರವರೆಗೆ, ಒಂದೂವರೆ ಶತಮಾನಕ್ಕೂ ಮೇಲೆ, ಈ ಪೇಟೆ ಮದರಾಸಿನ ಕೈಯಲ್ಲಿತ್ತು. ಬಿ.ಎಲ್. ರೈಸ್ 1898ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಯಳಂದೂರಿನ ಶಾಸನಗಳಿವೆ, ಪಕ್ಕದ ಕೊಳ್ಳೇಗಾಲದವು ಇಲ್ಲ. ಕಲ್ಲುಗಳು ಇರಲಿಲ್ಲವೆಂದಲ್ಲ, ಅವು ಬೇರೆ ಸರ್ಕಾರದ ಕಲ್ಲುಗಳಾಗಿದ್ದವು. ಪರಿಷ್ಕೃತ ಸಂಪುಟ ಬರುವವರೆಗೆ ಕಾಯಬೇಕಾಯಿತು. ಇಲ್ಲಿನ ಹತ್ತೊಂಬತ್ತನೇ ಶತಮಾನದ ಮೇಲೆ ಕಾದಂಬರಿ ಬರೆಯುವವರು ಮೈಸೂರಿನ ಪತ್ರಾಗಾರಕ್ಕೆ ಹೋದರೆ ಬರಿಗೈ. ಚೆನ್ನೈಗೆ ಹೋಗಬೇಕು, ನಿಕಲ್ಸನ್ 1887ರಲ್ಲಿ ಬರೆದ ಕೊಯಮತ್ತೂರು ಜಿಲ್ಲೆಯ ಮ್ಯಾನ್ಯುಯಲ್ ತಿರುವಬೇಕು.

ಶಿವನಸಮುದ್ರವನ್ನೇ ತೆಗೆದುಕೊಳ್ಳಿ. ಕೃಷ್ಣದೇವರಾಯರು ಪಟ್ಟಕ್ಕೆ ಬಂದ ಹೊಸದರಲ್ಲಿ ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದರು, ದ್ವೀಪದ ಕೋಟೆ ಬಿತ್ತು ಎಂಬುದು ಚರಿತ್ರೆ. ಗೆಜೆಟಿಯರುಗಳು ಬರೆದುಕೊಂಡ ಊರಕತೆಯಲ್ಲಿ ಮಾತ್ರ ಕೃಷ್ಣದೇವರಾಯರೇ ಇಲ್ಲ. ಅಲ್ಲಿ ನಂದಿರಾಜ ಹೆಂಡತಿಯನ್ನು ಕುದುರೆಯ ಮೇಲೆ ಕೂರಿಸಿಕೊಂಡು, ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿ, ಗಗನಚುಕ್ಕಿಗೆ ಧುಮುಕುತ್ತಾನೆ. ಮುಂದಿನ ತಲೆಮಾರಿನಲ್ಲಿ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು, ಮನೆಯ ಜಗಳ, ಮುತ್ತಿಗೆ, ಮತ್ತೆ ಅದೇ ಜಲಪಾತ. ಕುದುರೆಯ ಕಣ್ಣಿನ ಬಟ್ಟೆಯನ್ನು ಯಾವ ಶಾಸನವೂ ಹೇಳುವುದಿಲ್ಲ. ಆದರೂ ಭರಚುಕ್ಕಿ, ಗಗನಚುಕ್ಕಿಗಳನ್ನು ತುಂಬಿದ ಹೊಳೆಯಲ್ಲಿ ನೋಡಿದವರು ಆ ಬಟ್ಟೆಯನ್ನು ಮರೆಯುವುದಿಲ್ಲ. ವಿಜಯನಗರದ ಗೆಲುವು ವಿಜಯನಗರಕ್ಕೆ ಬೇಕಿತ್ತು, ಊರಿಗೆ ಬೇಕಾದದ್ದು ಊರು ಬಿದ್ದದ್ದು ಹೇಗೆ ಎಂಬುದು.

ಇಲ್ಲಿಂದ ನೀಲಗಾರರ ಕಡೆ, ಮಾದಪ್ಪನ ಕತೆ ಹಾಡುವ ದೇವರಗುಡ್ಡರ ಕಡೆ ತಿರುಗುವುದು ಸುಲಭ. ಪಿ.ಕೆ. ರಾಜಶೇಖರ 1973ರಲ್ಲಿ ಮಾದೇಶ್ವರ ಕಾವ್ಯವನ್ನು ಅಚ್ಚಿಗೆ ತಂದ ಮೇಲೆ ನಮ್ಮ ವಿದ್ವಾಂಸರಿಗೆ ಒಂದು ಚಟ ಹತ್ತಿತು. ಮಾದಪ್ಪ ಯಾವ ಶತಮಾನದವನು, ಶ್ರವಣ ದೊರೆ ನಿಜವಾಗಿ ಯಾರು, ಬಂಕಾಪುರಿ ಯಾವ ಊರು, ಆಲಂಬಾಡಿ ಜುಂಜೇಗೌಡನ ಕಾಲ ಯಾವುದು ಎಂದು ಹುಡುಕುವ ಚಟ. ಹುಡುಕಲಿ, ತಪ್ಪಿಲ್ಲ. ಸುತ್ತೂರು, ಕುಂತೂರು ಮಠಗಳು ಕಾವ್ಯದಲ್ಲೂ ಇವೆ, ನೆಲದ ಮೇಲೂ ಇವೆ. ಆದರೆ ಶ್ರವಣ ಯಾವ ಪಾಳೆಯಗಾರ ಎಂದು ಕಂಡುಹಿಡಿದ ದಿನ ಕಾವ್ಯ ದೊಡ್ಡದಾಗುವುದಿಲ್ಲ. ದೇವತೆಗಳನ್ನೇ ಸೆರೆಯಲ್ಲಿಟ್ಟು ದುಡಿಸುವ ದೊರೆಯನ್ನು ಮುಗಿಸಲು ಮಾದಪ್ಪನಿಗೆ ಬೇಕಾದದ್ದು ಮಾದಿಗರ ಹರಳಯ್ಯನ ಕೈಕೆಲಸದ ಪಾದರಕ್ಷೆ. ಯಾವ ವಂಶಾವಳಿಯಲ್ಲಿ ದೊರೆಯೊಬ್ಬ ಕೆರದಿಂದ ಸತ್ತಿದ್ದಾನೆ, ಹೇಳಿ!

ಅದೇ ಕಾವ್ಯದ ಸಂಕಮ್ಮನ ಸಾಲನ್ನು ಕೇಳಿ. ಗಂಡ ನೀಲೇಗೌಡ ಜೇನು ಕೀಳಲು ಹೊರಟಿದ್ದಾನೆ. ಹೋಗುವ ಮುಂಚೆ ಹೆಂಡತಿಯ ಶೀಲಕ್ಕೆ ಬಲಗೈ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಕಟ್ಟಿಹಾಕಿ ಹಿಂಸೆ ಕೊಟ್ಟರೂ ಕೊಡುವುದಿಲ್ಲ. ಕಾಡಿನಲ್ಲಿ ಗಂಡಸರು ತಿಂಗಳುಗಟ್ಟಲೆ ಇಲ್ಲವಾಗುವ ಬೇಟೆ, ಜೇನಿನ ಬದುಕಿನಲ್ಲಿ ಹೆಂಗಸರು ಏನು ಅನುಭವಿಸಿದರು ಎಂಬುದಕ್ಕೆ ಕಂದಾಯದ ಕಡತ ಇಲ್ಲ, ತಾಮ್ರಪಟ ಇಲ್ಲ. ಈ ಹಾಡು ಇದೆ. ಮಂಟೇಸ್ವಾಮಿ ಕಾವ್ಯದಲ್ಲೂ ಅಷ್ಟೆ. ಸಿದ್ದಪ್ಪಾಜಿ ಹಲಗೂರಿಗೆ ಹೋಗಿ ಪಾಂಚಾಳರ ಬಾಗಿಲಲ್ಲಿ ಕಬ್ಬಿಣದ ಭಿಕ್ಷೆ ಕೇಳಿ ಪಡಬಾರದ ಪಾಡು ಪಡುತ್ತಾನೆ. ಕುಲುಮೆಯವರ ಸಿರಿ, ಸೊಕ್ಕು, ಕಬ್ಬಿಣಕ್ಕೆ ಆಗ ಇದ್ದ ಬೆಲೆ, ಎಲ್ಲ ಅದರಲ್ಲಿದೆ. ಚಿಕ್ಕಲ್ಲೂರು ಜಾತ್ರೆಯಲ್ಲಿ ಚಂದ್ರಮಂಡಲ ಉರಿದ ಮೇಲೆ ಎಲ್ಲ ಜಾತಿಯವರೂ ಸಾಲುಗೂತು ಉಣ್ಣುವುದನ್ನು ಕಂಡವರಿಗೆ ಈ ಕಾವ್ಯಕ್ಕೆ ಪಡಿ ಕೊಟ್ಟವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಎಚ್.ಎಸ್. ಶಿವಪ್ರಕಾಶ್ 'ಮಂಟೇಸ್ವಾಮಿ ಕಥಾಪ್ರಸಂಗ', 'ಮಾದಾರಿ ಮಾದಯ್ಯ' ನಾಟಕಗಳಿಗೆ ಇಲ್ಲಿಂದಲೇ ಕೆಂಡ ಎತ್ತಿಕೊಂಡರು. ಸಂಸರ ಅರಮನೆಯಲ್ಲಿ ಕಾಣದವರು ಅಲ್ಲಿ ರಂಗದ ಮೇಲೆ ಬಂದು ನಿಂತರು.

ಜನಪದರು ಹಾಡಿದ್ದೆಲ್ಲ ಸತ್ಯ ಎಂದು ಕಣ್ಣಿಗೊತ್ತಿಕೊಳ್ಳುವ ಕಾಲವೂ ಇದು. ಅದಕ್ಕೆ ನಾನು ಒಪ್ಪುವುದಿಲ್ಲ. ಪಡಿ ಕೊಟ್ಟವರ ಮನಸ್ಸು ನೋಯದಂತೆ ಹಾಡುವುದು ನೀಲಗಾರರಿಗೂ ಗೊತ್ತು. ಆ ಕೇರಿಯಲ್ಲಿ ಒಂದು ಸಾಲು ಹಿಗ್ಗುತ್ತದೆ, ಈ ಕೇರಿಯಲ್ಲಿ ಅದೇ ಸಾಲು ಕುಗ್ಗುತ್ತದೆ.

ಕೊನೆಯದಾಗಿ ಹನೂರು. ತಾಲ್ಲೂಕು ಹೊಸದು, ಗಾಯ ಹಳೆಯದು. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಕಾಡುಗಳ್ಳ ವೀರಪ್ಪನ್ ಕೈಯಲ್ಲಿ ಸತ್ತರು. 1992ರ ಆಗಸ್ಟ್ 14ರಂದು ಮೀಣ್ಯದ ಹತ್ತಿರ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್. 1993ರ ಏಪ್ರಿಲಿನಲ್ಲಿ ಪಾಲಾರ್ ಸ್ಫೋಟ. 2000ದಲ್ಲಿ ಗಾಜನೂರಿನಿಂದ ರಾಜ್‌ಕುಮಾರ್, 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರ ಅಪಹರಣ. ರಾಜ್‌ಕುಮಾರ್ ಮರಳಿ ಬಂದರು, ನಾಗಪ್ಪನವರು ಬರಲಿಲ್ಲ. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಕತೆ ಮುಗಿಯಿತು, ಸಿನಿಮಾ ಶುರುವಾಯಿತು. 2013ರಲ್ಲಿ 'ಅಟ್ಟಹಾಸ', 2016ರಲ್ಲಿ 'ಕಿಲ್ಲಿಂಗ್ ವೀರಪ್ಪನ್', 2023ರಲ್ಲಿ ನೆಟ್‌ಫ್ಲಿಕ್ಸ್ ಸರಣಿ. ಹೆಚ್ಚಿನವುಗಳಿಗೆ ಮೀಸೆ ಬೇಕು, ಬಂದೂಕು ಬೇಕು, ಬೆನ್ನಟ್ಟುವ ಅಧಿಕಾರಿಯ ಬುದ್ಧಿವಂತಿಕೆ ಬೇಕು. ಗೋಪಿನಾಥಂ, ಪೊನ್ನಾಚಿ ಅವುಗಳಿಗೆ ಬರೀ ಹಿನ್ನೆಲೆಯ ಕಾಡು.

ಇದೇ ಅವಧಿಯ ಇನ್ನೊಂದು ಕತೆ ಸರ್ಕಾರದ ಕಡತದಲ್ಲೇ ಇದೆ. ಕಾರ್ಯಾಚರಣೆಯ ಹೆಸರಿನಲ್ಲಿ ಕಾಡಂಚಿನ ಜನ ಅನುಭವಿಸಿದ ಹಿಂಸೆಯ ವಿಚಾರಣೆ ನಡೆಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿತು. ಹೆಂಗಸರು, ಗಂಡಸರು ಮುಂದೆ ಬಂದು ಹೇಳಿಕೆ ಕೊಟ್ಟರು. 2007ರಲ್ಲಿ ಆಯೋಗ 89 ಮಂದಿಗೆ ಪರಿಹಾರ ಕೊಡಲು ಹೇಳಿತು. ಗಡಿಯಾಚೆ ಈ ಸಂಕಟ 2004ರಲ್ಲೇ ಕಾದಂಬರಿಯಾಯಿತು, ತಮಿಳಿನಲ್ಲಿ, ಎಸ್. ಬಾಲಮುರುಗನ್ ಬರೆದ 'ಸೋಳಗರ್ ತೊಟ್ಟಿ'. ಬರೆದವರು ವಕೀಲರು, ಮಾನವ ಹಕ್ಕುಗಳ ಕೆಲಸದಲ್ಲಿ ಆ ಜನರ ಬಾಯಿಂದ ನೇರ ಕೇಳಿದವರು. ಆ ಕಾದಂಬರಿಯ ಸೋಲಿಗರು ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನೆಂಟರೇ, ರಂಗಪ್ಪನನ್ನು ಭಾವ ಎಂದು ಕರೆಯುವ ಕುಸುಮಾಲೆಯ ಕಡೆಯವರೇ. ಒಂದೇ ಕಾಡು, ಒಂದೇ ಕುಲ. ಆಚೆ ಕಾದಂಬರಿ, ಈಚೆ ಕಟೌಟು.

ಆ ಕಾಲಕ್ಕೆ ಇಪ್ಪತ್ತರವರಾಗಿದ್ದವರು ಈಗ ಐವತ್ತು ದಾಟಿದ್ದಾರೆ. ಆ ಬೆನ್ನಟ್ಟುವಿಕೆಯಲ್ಲಿ ಸತ್ತ ಕಾನ್‌ಸ್ಟೇಬಲ್‌ಗಳ ಮನೆಯವರೂ ಇದೇ ಜಿಲ್ಲೆಗಳಲ್ಲಿದ್ದಾರೆ, ಅವರ ಮಾತನ್ನೂ ಯಾರೂ ಸಾವಧಾನವಾಗಿ ಕೇಳಿದಂತಿಲ್ಲ. ದೇವಚಂದ್ರನಿಗೆ 1686ರ ಕತೆ ಸಿಕ್ಕಿದ್ದು ಒಂದೂವರೆ ಶತಮಾನ ಬಾಯಿಂದ ಬಾಯಿಗೆ ಉರುಳಿ ಸವೆದ ಮೇಲೆ. ಇದು ಇನ್ನೂ ಸವೆದಿಲ್ಲ. ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಹಿರಿಯರಲ್ಲಿ ಒಂದು ಅರಿಕೆ: ಮುಂದಿನ ವರ್ಷ ನನ್ನಂಥ ಇನ್ನೊಬ್ಬರನ್ನು ಕರೆಸಿ ಹಾರ, ಶಾಲು ಹಾಕುವ ಬದಲು, ಬಡ್ಡಿಯ ಹಣದಲ್ಲಿ ಬರೆಯುವ ಹುಮ್ಮಸ್ಸಿರುವ ಇಬ್ಬರು ಹುಡುಗ ಹುಡುಗಿಯರಿಗೆ ಬಸ್ ಚಾರ್ಜು, ಊಟದ ಖರ್ಚು ಕೊಟ್ಟು ಗೋಪಿನಾಥಂ, ಪೊನ್ನಾಚಿ, ಮೀಣ್ಯಗಳಿಗೆ ಕಳಿಸಿ. ಇಬ್ಬರಲ್ಲಿ ಒಬ್ಬರಿಗಾದರೂ ತಮಿಳು ಚೆನ್ನಾಗಿ ಬರಬೇಕು.